ಬೋರ್ಡಿಲ್ಲದ ಇಂಗ್ಲಿಷ್ ಟ್ಯೂಷನ್, ಹದಿನಾಲ್ಕು ನಿಯಮಗಳು

ಈ ಟ್ಯೂಷನ್‌ಗೆ ಹೆಸರಿನ ಬೋರ್ಡ್ ಇಲ್ಲ. ಮೇಡಂ ಹಾಕಿಸಿಲ್ಲ, ಹಾಕಿಸುವ ಮನಸ್ಸೂ ಇಲ್ಲವಂತೆ. ಹಾಗಾಗಿ ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿ ಒಂದು ಮನೆ. ಕೆಳಗೆ ಬಾಡಿಗೆಯವರು, ಮೇಲೆ ತಗಡಿನ ಶೀಟ್ ಹೊದಿಸಿದ ಉದ್ದನೆಯ ಕೋಣೆ. ಬೆಳಿಗ್ಗೆ ಆರೂಕಾಲರ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಇಪ್ಪತ್ತು, ಇಪ್ಪತ್ತೈದು ಸೈಕಲ್‌ಗಳು ಒಂದರ ಮೇಲೊಂದು ಒರಗಿ ನಿಂತಿದ್ದರೆ ಅದೇ ಎಂದು ತಿಳಿಯಬಹುದು. ಹೈಸ್ಕೂಲಿನಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಡಂ ಅಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಯವರಿಗೆ ಪಾಠ ಹೇಳುತ್ತಾರೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುವವರು. ನನ್ನ ಮಗಳು ಒಂಬತ್ತು, ಹತ್ತು ಎರಡೂ ವರ್ಷ ಹೋದಳು. ಈ ಜೂನ್‌ನಿಂದ ಮಗನ ಸರದಿ. ಅಂಗಡಿಗೆ ಬರುವವರೆಲ್ಲ "ಹೇಗಿದೆ, ಸೇರಿಸಬಹುದೇ?" ಎಂದು ಕೇಳುತ್ತಿರುವುದರಿಂದ ಒಮ್ಮೆ ಬರೆದೇ ಇಡುತ್ತಿದ್ದೇನೆ.

ನನ್ನ ಕಸುಬನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ಟ್ಯೂಷನ್‌ಗೂ ಅದಕ್ಕೂ ಜಗಳವಿದೆ. ಮಂಡಿಪೇಟೆಯ ಹತ್ತಿರ ನನ್ನದೊಂದು ಸಣ್ಣ ಸ್ಟೇಷನರಿ ಅಂಗಡಿ. ಮೂಲೆಯಲ್ಲಿ ಒಂದು ಜೆರಾಕ್ಸ್ ಯಂತ್ರ. ರೈತರಿಗೆ ಸುಗ್ಗಿ ಯಾವಾಗಲೋ, ನನಗೆ ಜೂನ್, ಜುಲೈ. ನೋಟ್‌ಬುಕ್ಕಿನಲ್ಲಿ ಸಿಗುವ ಲಾಭ ಅಷ್ಟಕ್ಕಷ್ಟೆ. ನಾಲ್ಕು ಕಾಸು ಉಳಿಯುವುದು ಗೈಡಿನಲ್ಲಿ, ಪಾಸಿಂಗ್ ಪ್ಯಾಕೇಜಿನಲ್ಲಿ, ಪ್ರಶ್ನೋತ್ತರದ ಪುಸ್ತಕಗಳಲ್ಲಿ. ನಾನೂ ಗೈಡಿನಿಂದಲೇ ದಡ ಸೇರಿದವನು. 1992ರ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಂಗ್ಲಿಷ್ 38. ಆಗಿನ್ನೂ ನಾವು ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆ ಬದಲಾಯಿತು, ಆ 38 ಮಾತ್ರ ನನ್ನ ಜೊತೆಗೇ ಉಳಿದಿದೆ. ಬ್ಯಾಂಕಿನಿಂದ ಇಂಗ್ಲಿಷ್ ಪತ್ರ ಬಂದರೆ ಇವತ್ತಿಗೂ ಮಗಳ ಕೈಗೆ ಕೊಡುತ್ತೇನೆ.

ಇದಕ್ಕೆ ಮುಂಚೆ ಎಂಟನೆಯ ತರಗತಿಯಲ್ಲಿ ಅವಳನ್ನು ಬೇರೊಂದು ಕಡೆ ಸೇರಿಸಿದ್ದೆ. ಅದಕ್ಕೆ ಬೋರ್ಡೂ ಇತ್ತು, ಬೋರ್ಡಿಗೆ ದೀಪವೂ ಇತ್ತು. ವರ್ಷದ ಹದಿನೆಂಟು ಸಾವಿರವನ್ನು ಒಂದೇ ಕಂತಿನಲ್ಲಿ ಕಟ್ಟಿಸಿಕೊಂಡರು. ನಿಯಮಗಳೇನು ಎಂದು ಕೇಳಿದರೆ "ಎಲ್ಲ ನಾವು ನೋಡಿಕೊಳ್ಳುತ್ತೇವೆ" ಎಂದರು. ಮೂರನೆಯ ತಿಂಗಳಿಗೆ ಇಂಗ್ಲಿಷ್ ಮೇಷ್ಟ್ರು ಬಿಟ್ಟುಹೋದರು, ವಿಜ್ಞಾನದವರು ಬಂದು ಇಂಗ್ಲಿಷ್ ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು ನಕಲು ಮಾಡಿಸಿದರು. ಹಣ ಕೇಳಲು ಹೋದಾಗಷ್ಟೇ ಅವರಿಗೊಂದು ನಿಯಮ ನೆನಪಾಯಿತು: ಕಟ್ಟಿದ ಶುಲ್ಕ ವಾಪಸಿಲ್ಲ.

ಆ ಪೆಟ್ಟು ತಿಂದಿದ್ದರಿಂದಲೋ ಏನೋ, ಈ ಮೇಡಂ ಮೊದಲ ದಿನ ಕೈಗಿತ್ತ ಎರಡು ಹಾಳೆಗಳನ್ನು ನಾನು ಒಪ್ಪಂದದ ಪತ್ರ ನೋಡಿದಂತೆ ನೋಡಿದೆ. ಕಸುಬಿನ ಕಣ್ಣು ಮೊದಲು ಹೋಗಿದ್ದು ಜೆರಾಕ್ಸಿನ ಕಡೆಗೆ. ಡ್ರಮ್ ಸವೆದ ಯಂತ್ರ. ಪ್ರತಿ ಸಾಲಿನ ನಡುವೆಯೂ ಒಂದು ಕಪ್ಪು ಗೀರು ಮೇಲಿನಿಂದ ಕೆಳಗೆ ಇಳಿದಿತ್ತು. ಆಮೇಲೆ ಅಕ್ಷರ ನೋಡಿದೆ. ಇಂಗ್ಲಿಷ್ ಟ್ಯೂಷನ್ನಿನ ನಿಯಮಪಟ್ಟಿ ಪೂರ್ತಿ ಕನ್ನಡದಲ್ಲಿತ್ತು, ಅದೂ ದುಂಡಗಿನ ಕೈಬರಹ. ಹದಿನಾಲ್ಕು ನಿಯಮ. ಕೊನೆಯಲ್ಲಿ ಮೂರು ಸಹಿಗಳಿಗೆ ಜಾಗ: ಪೋಷಕರದು, ವಿದ್ಯಾರ್ಥಿಯದು, ಮೇಡಂ ಅವರದು. ಮೂರನೆಯ ಸಹಿ ಆಗಲೇ ಬಿದ್ದಿತ್ತು.

ಅವತ್ತು ನನ್ನ ಮುಂದೆ ಸಾಲಿನಲ್ಲಿದ್ದವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಾಯಿ. ಓದಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತೇನೆ ಎಂದರು. "ಒತ್ತುವಿರಂತೆ, ಮೊದಲು ಕೂತುಕೊಂಡು ಕೇಳಮ್ಮ" ಎಂದು ಮೇಡಂ ಹದಿನಾಲ್ಕನ್ನೂ ಓದಿ ಹೇಳಲು ಶುರುಮಾಡಿದರು. ಹಿಂದೆ ನಾವು ಎಂಟು ಹತ್ತು ಜನ ನಿಂತಿದ್ದೆವು; ಒಬ್ಬರು ಕೈಗಡಿಯಾರ ನೋಡಿಕೊಂಡರು, ಮೇಡಂ ನೋಡಲಿಲ್ಲ. ಮನೆಯಲ್ಲಿ ದಿನವೂ ನಲವತ್ತು ನಿಮಿಷ ಇಂಗ್ಲಿಷಿಗೆ ಕೂರಬೇಕು ಎಂಬ ನಿಯಮ ಬಂದಾಗ ಆ ತಾಯಿ, "ಮನೆಯಲ್ಲಿ ಕೂರುವುದಕ್ಕೆ ಜಾಗವಿಲ್ಲ ಮೇಡಂ, ಹೊಗೆ ಬೇರೆ" ಎಂದರು. ಮೇಡಂ ಪೆನ್ನು ತೆಗೆದು ಆ ಸಾಲಿನ ಪಕ್ಕದಲ್ಲೇ "ತರಗತಿ ಮುಗಿದ ಮೇಲೆ ಎಂಟರವರೆಗೆ ಇಲ್ಲೇ ಕೂರಬಹುದು" ಎಂದು ಬರೆದು ಅದರ ಕೆಳಗೂ ಸಹಿ ಹಾಕಿದರು. ಆಮೇಲೆ ಶಾಯಿಯ ಪ್ಯಾಡ್ ಮುಂದಿಟ್ಟರು. ಆ ಹುಡುಗ ಎರಡು ವರ್ಷವೂ ಎಂಟರವರೆಗೆ ಅಲ್ಲೇ ಕೂತ. ನಡುವೆ ಯಾವಾಗಲೋ ಇನ್ನೂ ನಾಲ್ಕು ಮಕ್ಕಳು ಅವನ ಜೊತೆ ಕೂರತೊಡಗಿದರು, ಅದರಲ್ಲಿ ನನ್ನ ಮಗಳೂ ಒಬ್ಬಳು. ನಮ್ಮ ಮನೆಯಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಟಿ.ವಿ.ಗೂ ಇಲ್ಲ.

ಮೊದಲ ನಿಯಮ ಸಮಯದ್ದು. ಆರೂ ಇಪ್ಪತ್ತಕ್ಕೆ ಬಾಗಿಲು ಹಾಕುತ್ತಾರೆ. ತಡವಾದವರನ್ನು ಮನೆಗೆ ಅಟ್ಟುವುದಿಲ್ಲ, ಬೈಯುವುದೂ ಇಲ್ಲ. ಮೆಟ್ಟಿಲ ಮೇಲೆ ಕೂತು ಅವತ್ತಿನ ಪಾಠವನ್ನು ತಾವೇ ಓದಿಕೊಂಡು, ಏಳು ಗಂಟೆಗೆ ಒಳಗೆ ಬಂದು ಅದರ ಬಗ್ಗೆ ಮೂರು ಪ್ರಶ್ನೆ ಕೇಳಬೇಕು. ಉತ್ತರ ಹೇಳಬೇಕಾಗಿಲ್ಲ, ಪ್ರಶ್ನೆ ಕೇಳಬೇಕು. ಚಳಿಗಾಲದಲ್ಲಿ ಒಮ್ಮೆ ಮಗಳನ್ನು ಬಿಡಲು ನಾನೇ ತಡ ಮಾಡಿದಾಗ ಅವಳು ಮೆಟ್ಟಿಲ ಬಲ್ಬಿನ ಕೆಳಗೆ ಶಾಲು ಹೊದ್ದು ಕೂತಿದ್ದನ್ನು ನೋಡಿ ಹೊಟ್ಟೆ ಚುರುಕ್ ಎಂದಿತು. ಸಂಜೆ ಕೇಳಿದರೆ, "ಮೆಟ್ಟಿಲ ಮೇಲೆ ಓದಿದ ಪಾಠವೇ ಚೆನ್ನಾಗಿ ತಲೆಗೆ ಹತ್ತಿತು ಅಪ್ಪ" ಎಂದಳು. ಈ ನಿಯಮಕ್ಕೆ ಕೆಳಗೊಂದು ಉಪನಿಯಮವಿದೆ, ಅದನ್ನು ನಮ್ಮೂರಿನವರು ಮಾತ್ರ ಬರೆಯಬಲ್ಲರು: "ರೈಲ್ವೆ ಗೇಟ್ ಹಾಕಿತ್ತು ಎಂಬ ಕಾರಣವನ್ನು ತಿಂಗಳಿಗೆ ಒಂದು ಬಾರಿ ಮಾತ್ರ ಒಪ್ಪಲಾಗುವುದು." ಅಶೋಕ ರಸ್ತೆಯ ಗೇಟಿನ ಮುಂದೆ ಸ್ಕೂಟರ್ ಆರಿಸಿ ನಿಂತು ನಿಂತು ಬೆಳೆದ ನಮಗೆ ಇದರಲ್ಲಿ ತಕರಾರು ಹೇಳಲು ಬಾಯಿ ಬರುವುದಿಲ್ಲ. ಎಷ್ಟು ಸಲ ಗೇಟ್ ಬಿದ್ದಿತ್ತು, ಎಷ್ಟು ಸಲ ನಾವೇ ಬೀಳಿಸಿದೆವು ಎಂಬುದು ನಮಗೇ ಗೊತ್ತು.

ಮೂರನೆಯ ನಿಯಮ ನನ್ನ ಹೊಟ್ಟೆಗೆ ಬಿದ್ದದ್ದು. "ಗೈಡ್ ತರಬಾರದು, ಮನೆಯಲ್ಲೂ ಇಟ್ಟುಕೊಳ್ಳಬಾರದು. ಪಠ್ಯಪುಸ್ತಕ, ಇಂಗ್ಲಿಷ್–ಕನ್ನಡ ನಿಘಂಟು, 200 ಪುಟದ ಉದ್ದ ನೋಟ್‌ಬುಕ್ ಎರಡು. ಇಷ್ಟು ಸಾಕು." ನಾನು ನೇರವಾಗಿ ಕೇಳಿದೆ: "ಮೇಡಂ, ನನ್ನ ಅಂಗಡಿಯೇ ಗೈಡಿನದು. ಮನೆಯ ಮಹಡಿಯಲ್ಲೂ ಸ್ಟಾಕ್ ಇದೆ. ಹೇಗೆ?" ಅವರು ನಗಲಿಲ್ಲ. "ಮಾರುವುದು ನಿಮ್ಮ ಹೊಟ್ಟೆಪಾಡು, ಅದಕ್ಕೆ ನಾನು ನಿಯಮ ಬರೆದಿಲ್ಲ. ಕಟ್ಟು ಬಿಚ್ಚದೆ ಇಟ್ಟರೆ ಸಾಕು" ಎಂದರು. ಎರಡು ವರ್ಷ ನಮ್ಮ ಮಹಡಿಯಲ್ಲಿ ಇಂಗ್ಲಿಷ್ ಗೈಡಿನ ಕಟ್ಟುಗಳು ಹುರಿ ಬಿಚ್ಚದೆ ಕೂತಿದ್ದವು. ಅಂಗಡಿಯಲ್ಲಿ ಮಾತ್ರ ಬಿಚ್ಚಿದೆ, ಮಾರಿದೆ, ಮುಚ್ಚಿಡುವುದೇನಿದೆ.

ಗೈಡ್ ಇಲ್ಲದೆ ಏನು ಮಾಡಿಸುತ್ತಾರೆ ಎಂಬುದೇ ನಿಜವಾಗಿ ಕೇಳಬೇಕಾದ ಪ್ರಶ್ನೆ. ಎರಡು ನೋಟ್‌ಬುಕ್ಕುಗಳಲ್ಲಿ ಒಂದಕ್ಕೆ ಅವರಿಟ್ಟ ಹೆಸರು ತಪ್ಪಿನ ಪುಸ್ತಕ. ಮಕ್ಕಳು ಬರೆದದ್ದರಲ್ಲಿ ತಪ್ಪಿದ್ದರೆ ಮೇಡಂ ಕೆಂಪು ಶಾಯಿ ಹಚ್ಚುವುದಿಲ್ಲ, ಸರಿ ಉತ್ತರವನ್ನೂ ಬರೆಯುವುದಿಲ್ಲ. ಪೆನ್ಸಿಲಿನಲ್ಲಿ ತೆಳ್ಳಗೆ ಒಂದು ಗೆರೆ ಎಳೆಯುತ್ತಾರೆ, ಅಷ್ಟೆ. ತಪ್ಪು ಏನೆಂದು ಮಗು ತಾನೇ ಹುಡುಕಿ, ತಪ್ಪಿನ ಪುಸ್ತಕದ ಎಡ ಪುಟದಲ್ಲಿ ತಪ್ಪು ವಾಕ್ಯ, ಬಲ ಪುಟದಲ್ಲಿ ಸರಿಯಾದದ್ದು, ಕೆಳಗೆ ಯಾಕೆ ತಪ್ಪಿತು ಎಂಬುದನ್ನು ಕನ್ನಡದಲ್ಲಿ ಬರೆಯಬೇಕು. ಸರಿಯಾಗಿದ್ದರೆ ಮೇಡಂ ರಬ್ಬರ್ ತೆಗೆದು ಆ ಪೆನ್ಸಿಲ್ ಗೆರೆಯನ್ನು ಅಳಿಸುತ್ತಾರೆ. ಮಗಳ ತಪ್ಪಿನ ಪುಸ್ತಕವನ್ನು ಅಂಗಡಿಯ ಗಲ್ಲಾದ ಮೇಲಿಟ್ಟುಕೊಂಡು ನಾನು ಓದಿದ್ದೇನೆ. ನಾನು ಓದಿದ ಮೊದಲ ಇಂಗ್ಲಿಷ್ ವ್ಯಾಕರಣ ಅದು ಎಂದರೂ ತಪ್ಪಿಲ್ಲ.

ಒಂದು ಪುಟ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಕೆಲವು ಪದಗಳ ಹಿಂದೆ "ಎ" ಬರುತ್ತದೆ, ಕೆಲವಕ್ಕೆ "ಆನ್". ನಮಗೆ ಆ ಕಾಲದಲ್ಲಿ ಎ, ಇ, ಐ, ಓ, ಯು ಎಂಬ ಐದು ಅಕ್ಷರಗಳ ಹಿಂದೆ "ಆನ್" ಎಂದು ಬಾಯಿಪಾಠ ಮಾಡಿಸಿದ್ದರು. ಹಾಗಾದರೆ ಯೂನಿವರ್ಸಿಟಿಗೆ ಯಾಕೆ "ಎ"? ಗಂಟೆ ಎಂಬರ್ಥದ ಅವರ್‌ಗೆ ಯಾಕೆ "ಆನ್"? ಆ ಗೋಜಲು ನನಗೆ ನಲವತ್ತು ದಾಟಿದರೂ ಬಿಡಿಸಲು ಬಂದಿರಲಿಲ್ಲ. ಮಗಳ ಪುಸ್ತಕದಲ್ಲಿ ಮೇಡಂ ಹೇಳಿಕೊಟ್ಟ ಉಪಾಯವಿತ್ತು: ಆ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದು ನೋಡು. ಮೊದಲ ಅಕ್ಷರ ಸ್ವರವಾದರೆ "ಆನ್", ವ್ಯಂಜನವಾದರೆ "ಎ". ಅವರ್ ಎಂದು ಬರೆದರೆ "ಅ", ಸ್ವರ. ಯೂನಿವರ್ಸಿಟಿ ಎಂದರೆ "ಯ", ವ್ಯಂಜನ. ಒಂದು ರೂಪಾಯಿಯ ನಾಣ್ಯಕ್ಕೆ ವನ್, "ವ", ಅದೂ ವ್ಯಂಜನ. ಎಮ್ಮೆಲ್ಲೆಗೆ "ಎ" ಸ್ವರ, ಆದ್ದರಿಂದ "ಆನ್". ಇಷ್ಟೇ. ಕೆಳಗೊಂದು ಎಚ್ಚರಿಕೆಯೂ ಇತ್ತು: ನಮ್ಮ ನಾಲಿಗೆ "ಎ" ಮೊದಲಿಗೆ ಬಂದರೆ ಸುಮ್ಮನೆ ಒಂದು "ಯ" ಸೇರಿಸುತ್ತದೆ, ಎಮ್ಮೆ ಯಮ್ಮೆಯಾಗುತ್ತದೆ, ಎಮ್ಮೆಲ್ಲೆಯೂ ಯಮ್ಮೆಲ್ಲೆಯಾಗುತ್ತಾನೆ, ಬರೆಯುವಾಗ ಕಿವಿಯನ್ನು ಪೂರ್ತಿ ನಂಬಬೇಡ. ಸ್ವರ, ವ್ಯಂಜನ ಒಂದನೆಯ ತರಗತಿಯಲ್ಲೇ ಕಲಿತ ಮಕ್ಕಳಿಗೆ ಇಂಗ್ಲಿಷಿನ ಈ ಬಾಗಿಲನ್ನು ಕನ್ನಡದ ಬೀಗದ ಕೈಯಿಂದ ತೆಗೆಯಬಹುದು ಎಂದು ಯಾವ ಗೈಡಿನಲ್ಲೂ ನಾನು ನೋಡಿಲ್ಲ. ನೂರಾರು ಮಾರಿದ್ದೇನೆ.

ಇನ್ನೊಂದು ಪುಟದಲ್ಲಿ "ಅವಳು ಹೋಗುತ್ತಾಳೆ" ಎಂಬುದರ ಇಂಗ್ಲಿಷಿನಲ್ಲಿ ಕೊನೆಗೆ ಬರಬೇಕಾದ "ಇ-ಎಸ್" ಬಿಟ್ಟುಹೋಗಿತ್ತು. ಒಮ್ಮೆಯಲ್ಲ, ಹನ್ನೊಂದು ಬಾರಿ. ಮಗಳೇ ಎಣಿಸಿ ಬರೆದಿದ್ದಳು. ಕಾರಣದ ಜಾಗದಲ್ಲಿ ಮೇಡಂ ಆಡಿದ ಮಾತಿತ್ತು: "ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಎಂದು ಇಷ್ಟೆಲ್ಲ ಬಾಲಗಳನ್ನು ತಪ್ಪಿಲ್ಲದೆ ಜೋಡಿಸುವವಳು ನೀನು. ಇಂಗ್ಲಿಷ್ ಪಾಪ ಒಂದೇ ಬಾಲ ಕೇಳುತ್ತಿದೆ."

ಏಳನೆಯ ನಿಯಮಕ್ಕೆ ಕೆಲವು ಪೋಷಕರು ಮುಖ ಸಿಂಡರಿಸಿದ್ದನ್ನು ನೋಡಿದ್ದೇನೆ: ಅರ್ಥವಾಗದಿದ್ದರೆ ಕನ್ನಡದಲ್ಲಿ ಕೇಳಬೇಕು, ಕೇಳಲು ನಾಚಬಾರದು. ತರಗತಿಯ ಮೊದಲ ಹತ್ತು ನಿಮಿಷ ಮಾತ್ರ ಎಲ್ಲರೂ ಇಂಗ್ಲಿಷಿನಲ್ಲೇ ಮಾತನಾಡಬೇಕು. ಒಬ್ಬರು ಎದ್ದು ನಿಂತು ನಿನ್ನೆ ನಡೆದದ್ದೇನಾದರೂ ಹೇಳಬೇಕು. ಯಾರಾದರೂ ನಕ್ಕರೆ, ಎಂಟನೆಯ ನಿಯಮದ ಪ್ರಕಾರ ಮುಂದಿನ ಸರದಿ ನಕ್ಕವರದೇ. ಇದರಿಂದ ನಗು ನಿಂತಿಲ್ಲವಂತೆ. ಮಾತನಾಡಲು ಆಸೆಯಿರುವ ಹುಡುಗರು ಬೇಕೆಂದೇ ನಗುತ್ತಾರಂತೆ.

ಮೊಬೈಲ್ ಬಾಗಿಲ ಬಳಿಯ ಬಿದಿರಿನ ಬುಟ್ಟಿಗೆ. ಇದು ಈಗ ಎಲ್ಲ ಕಡೆಯೂ ಇರುವ ನಿಯಮ, ಹೆಚ್ಚು ಹೇಳುವುದೇನಿಲ್ಲ. ಅದರ ಮುಂದಿನದು ಹೊಸದು: "ಮೊಬೈಲ್ ಬರೆದುಕೊಟ್ಟ ಪ್ರಬಂಧ ತರಬಹುದು. ತಂದವರು ಅದರ ಪ್ರತಿ ಪದದ ಅರ್ಥವನ್ನು ನಿಂತು ಹೇಳಬೇಕು." ಹೀಗೆ ಒಬ್ಬ ಹುಡುಗ ಚನ್ನಗಿರಿ ಕಡೆಯ ಶಾಂತಿಸಾಗರದ ಬಗ್ಗೆ ಎರಡು ಪುಟ ತಂದನಂತೆ, ನಾವೆಲ್ಲ ಸೂಳೆಕೆರೆ ಎನ್ನುವ ಆ ಕೆರೆಯೇ. ಬರಹದಲ್ಲಿ ಕೆರೆಯ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು, ದಡದಲ್ಲಿ ಮಂಜು ಕವಿದಿತ್ತು. ನಾಲ್ಕನೆಯ ಪದಕ್ಕೇ ಹುಡುಗ ನಿಂತುಬಿಟ್ಟ. ಮೇಡಂ ಹಾಳೆ ಪಕ್ಕಕ್ಕಿಟ್ಟು, "ನೀನು ಆ ಕೆರೆ ನೋಡಿದ್ದೀಯೇನು?" ಎಂದು ಕೇಳಿದರು. ಅವನ ಅತ್ತೆಯ ಊರು ಅಲ್ಲೇ ಹತ್ತಿರ. ಹೋದಾಗ ನೀರು ತಳ ಕಂಡಿತ್ತು, ಎಮ್ಮೆ ಮೈ ತೊಳೆಯುತ್ತಿದ್ದರು, ಇವನ ಒಂದು ಚಪ್ಪಲಿ ಕೆಸರಿನಲ್ಲಿ ಹೂತುಹೋಗಿ ಸಿಗಲೇ ಇಲ್ಲ. "ಚಪ್ಪಲಿಯನ್ನು ಬರೆ" ಎಂದರು. ಮಾರನೆಯ ದಿನ ಏಳು ಸಾಲು ಬಂತಂತೆ, ಆರು ಪೆನ್ಸಿಲ್ ಗೆರೆಗಳೊಂದಿಗೆ. ಮನೆಗೆ ಬಂದ ಮಗಳು ಆ ಏಳು ಸಾಲುಗಳನ್ನೂ ನೆನಪಿನಿಂದ ಒಪ್ಪಿಸಿದಳು, ಅದಕ್ಕೇ ನನಗೆ ಇಷ್ಟು ವಿವರ ಗೊತ್ತು.

ನಕಲಿನ ಬಗ್ಗೆ ಇರುವ ನಿಯಮ ನ್ಯಾಯವಾದದ್ದು ಎಂದು ನನಗೆ ಅನಿಸಿತು, ನನ್ನಾಕೆಗೆ ಅನಿಸಲಿಲ್ಲ. ನಕಲು ಹೊಡೆದವರು, ಹೊಡೆಯಲು ಕೊಟ್ಟವರು ಇಬ್ಬರೂ ಬೇರೆ ಬೇರೆ ವಿಷಯದ ಮೇಲೆ ಮತ್ತೆ ಬರೆಯಬೇಕು. ಮಗಳು ಗೆಳತಿಗೆ ಪುಸ್ತಕ ಕೊಟ್ಟು ಸಿಕ್ಕಿಬಿದ್ದಾಗ, "ಕೊಟ್ಟವಳದೇನು ತಪ್ಪು?" ಎಂದು ನನ್ನಾಕೆ ವಾದಕ್ಕೆ ಹೊರಟಿದ್ದಳು. ಆದರೆ ಪೋಷಕರ ಫೋನ್ ಸಂಜೆ ಏಳರಿಂದ ಎಂಟರವರೆಗೆ ಮಾತ್ರ ಎಂಬ ನಿಯಮವಿತ್ತು. ಅಷ್ಟು ಹೊತ್ತಿಗೆ ಅವಳ ಸಿಟ್ಟು ಇಳಿದಿತ್ತು. ಆ ನಿಯಮವನ್ನು ಇಟ್ಟದ್ದೇ ಇದಕ್ಕಿರಬೇಕು.

ಪರೀಕ್ಷೆ ಹದಿನೈದು ದಿನಕ್ಕೊಮ್ಮೆ ಶನಿವಾರ, 20 ಅಂಕಕ್ಕೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ ಹದಿನೈದು ನಿಮಿಷ ಕೊಡುತ್ತಾರಲ್ಲ, ನಮ್ಮ ಮಕ್ಕಳು ಆ ಹೊತ್ತಿನಲ್ಲಿ ಕಿಟಕಿ ನೋಡುತ್ತಾರೆ. ಇಲ್ಲಿ ಪ್ರತಿ ಪರೀಕ್ಷೆಯಲ್ಲೂ ಮೊದಲ ಐದು ನಿಮಿಷ ಪೆನ್ನು ನೆಲದ ಮೇಲಿರಬೇಕು, ಕಣ್ಣು ಪತ್ರಿಕೆಯ ಮೇಲಿರಬೇಕು. ಅಂಕವನ್ನು ಮಡಚಿದ ಚೀಟಿಯಲ್ಲಿ ಮಗುವಿನ ಕೈಗೇ ಕೊಡುತ್ತಾರೆ. ಪಕ್ಕದವನಿಗೆ ಎಷ್ಟು ಬಂತೆಂದು ಪೋಷಕರಿಗೆ ಹೇಳುವುದಿಲ್ಲ. ಒಬ್ಬ ತಂದೆ ಎಷ್ಟು ಒತ್ತಾಯಿಸಿದರೂ ಹೇಳಲಿಲ್ಲ. ಆ ತಂದೆ ಯಾರೆಂದು ಕೇಳಬೇಡಿ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಎಂಬ ಪದ್ಧತಿ ಬಂದ ಮೇಲೆ "ಒಂದರಲ್ಲಿ ಹೋದರೆ ಎರಡರಲ್ಲಿ" ಎಂಬ ಮಾತು ಮಕ್ಕಳ ಬಾಯಲ್ಲಿ ಬಂದುಬಿಟ್ಟಿದೆ. ಇಲ್ಲಿ ಮರುಪರೀಕ್ಷೆ ಅದೇ ವಾರದೊಳಗೆ ಒಮ್ಮೆ ಮಾತ್ರ. ಇನ್ನೊಂದು ಮಾತನ್ನು ಮೇಡಂ ಮೊದಲ ಸಭೆಯಲ್ಲೇ ಬಿಡಿಸಿ ಹೇಳಿದರು. ಇಂಗ್ಲಿಷಿನ 100 ಅಂಕಗಳಲ್ಲಿ ಲಿಖಿತ ಪರೀಕ್ಷೆಗೆ 80, ಉಳಿದ 20 ಆಂತರಿಕ ಮೌಲ್ಯಮಾಪನ, ಅದು ಶಾಲೆಯ ಕೈಯಲ್ಲಿರುವುದು, "ಆ 20ರ ಬಗ್ಗೆ ನನ್ನ ಹತ್ತಿರ ಬರಬೇಡಿ, ಶಾಲೆಯ ಮೇಷ್ಟ್ರನ್ನು ಬಿಟ್ಟು ನನ್ನನ್ನು ಹಿಡಿದರೆ ಮಗುವಿಗೇ ನಷ್ಟ." ಟ್ಯೂಷನ್ ನಡೆಸುವವರ ಬಾಯಲ್ಲಿ ಶಾಲೆಯ ಪರವಾಗಿ ಮಾತು ಕೇಳಿದ್ದು ನನಗೆ ಅದೇ ಮೊದಲು.

ಶುಲ್ಕ ತಿಂಗಳಿಗೆ 900 ರೂಪಾಯಿ, ಐದನೆಯ ತಾರೀಖಿನೊಳಗೆ. ಮುಂಗಡವಿಲ್ಲ. ಬಿಡುವುದಾದರೆ ಆ ತಿಂಗಳಿಗೆ ಮುಗಿಯಿತು. ಹಿಂದಿನ ಅನುಭವದ ನಂತರ ಈ ಒಂದು ಸಾಲಿಗೇ ನಾನು ಸಹಿ ಹಾಕಿಬಿಡುತ್ತಿದ್ದೆ.

ಇನ್ನು ಕುಂದುಗಳು. ಕೋಣೆ ಇಪ್ಪತ್ತು ಮಕ್ಕಳಿಗೆ ಸಾಕು, ಇರುವುದು ಇಪ್ಪತ್ತಾರು. ಮಾರ್ಚ್ ಬಂತೆಂದರೆ ಬೆಳಿಗ್ಗೆ ಏಳಕ್ಕೇ ಶೀಟಿನಿಂದ ಕಾವು ಇಳಿಯುತ್ತದೆ. ದಾವಣಗೆರೆಯ ಬಿಸಿಲನ್ನು ತಗಡಿನ ಕೆಳಗೆ ಕೂತು ತಿಂದವರಿಗೇ ಗೊತ್ತು. ಎರಡು ಫ್ಯಾನ್‌ಗಳಲ್ಲಿ ಒಂದು ತಿರುಗುವುದಕ್ಕಿಂತ ಹೆಚ್ಚು ಮಾತನಾಡುತ್ತದೆ. ಮೆಟ್ಟಿಲಿಗೆ ಒಂದು ಕಡೆ ಕಂಬಿಯಿಲ್ಲ. ತಡವಾದವರನ್ನು ಅದರ ಮೇಲೇ ಕೂರಿಸುವವರು ಇದನ್ನು ಸರಿಪಡಿಸಲೇಬೇಕು, ಎರಡು ಸಲ ಹೇಳಿದ್ದೇನೆ. ಪ್ರಬಂಧ ತಿದ್ದಿ ಕೊಡಲು ಒಂದು ವಾರ ಎಂದು ನಿಯಮದಲ್ಲಿದೆ. ಜನವರಿ, ಫೆಬ್ರುವರಿಯಲ್ಲಿ ಹನ್ನೆರಡು ದಿನವಾದದ್ದೂ ಉಂಟು. ಮಕ್ಕಳು ತಡ ಮಾಡಿದರೆ ಮೆಟ್ಟಿಲಿದೆ, ಮೇಡಂ ತಡ ಮಾಡಿದರೆ ಏನಿದೆ ಎಂದು ಮಗಳು ಅಲ್ಲೇ ಕೇಳಿದಳಂತೆ. ಅವರು ಒಂದು ನಿಮಿಷ ಸುಮ್ಮನಿದ್ದು, ಮಾರನೆಯ ದಿನ ತರಗತಿಗೆ ಇಂಗ್ಲಿಷಿನಲ್ಲಿ ಒಂದು ಕ್ಷಮೆಯ ಪತ್ರ ಬರೆದುಕೊಂಡು ಬಂದು ಓದಿದರಂತೆ. ತಪ್ಪು ಹುಡುಕಿ ಎಂದು ಮಕ್ಕಳ ಕೈಗೂ ಕೊಟ್ಟರಂತೆ. ಸಿಗಲಿಲ್ಲವಂತೆ.

ಅಂಕ ಎಷ್ಟು ಬಂತು ಎಂದೇ ಕೇಳುವವರಿಗೆ: ಲಿಖಿತದಲ್ಲಿ 80ಕ್ಕೆ 61. ನಮ್ಮ ಪಕ್ಕದ ಮನೆಯ ಹುಡುಗ ನನ್ನದೇ ಅಂಗಡಿಯ ಗೈಡನ್ನು ಉರು ಹೊಡೆದು 70 ತೆಗೆದ. ಬರೀ ಅಂಕ ಬೇಕಾದವರಿಗೆ ಆ ದಾರಿಯೂ ಇದೆ, ಗೈಡ್ ನನ್ನ ಬಳಿ ಸಿಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಚೆನ್ನಾಗಿ ಓದುತ್ತಿರುವವರಿಗೆ ಇಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ, ಬೇಸರವಾಗಬಹುದು. ಇಂಗ್ಲಿಷ್ ಎಂದರೆ ಹೆದರಿ ಕೊನೆಯ ಬೆಂಚಿಗೆ ಸರಿಯುವ ಮಗುವಿದ್ದರೆ ಮಾತ್ರ ಆ ಮೆಟ್ಟಿಲು ಹತ್ತಿಸಿ. ಬ್ಯಾಂಕಿನ ಪತ್ರವನ್ನು ಈಗ ನನ್ನ ಮಗಳು ಓದಿ ಹೇಳುವುದಷ್ಟೇ ಅಲ್ಲ, ಅದರಲ್ಲೊಂದು ತಪ್ಪಿದ್ದರೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಡುತ್ತಾಳೆ.

ಒಂಬತ್ತನೆಯ ನಿಯಮವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೆ, ಏಕೆಂದರೆ ಅಲ್ಲಿ ಸಿಕ್ಕಿಬಿದ್ದವನು ನಾನು. "ಮನೆಗೆಲಸ ತರದವರು ಕಾರಣವನ್ನು ಇಂಗ್ಲಿಷಿನಲ್ಲಿ ಪತ್ರದ ರೂಪದಲ್ಲಿ ಬರೆದು ತರಬೇಕು" ಎಂದು ಆ ನಿಯಮ. ಪರೀಕ್ಷೆಯ ಪತ್ರಲೇಖನಕ್ಕೂ ಅಭ್ಯಾಸವಾಗಲಿ ಎಂಬ ಲೆಕ್ಕಾಚಾರ. ಹತ್ತನೆಯ ತರಗತಿಯ ಪರೀಕ್ಷೆಗೆ ತಿಂಗಳಷ್ಟೇ ಇರುವಾಗ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ದಾವಣಗೆರೆಯಲ್ಲಿ ಆ ದಿನಗಳಲ್ಲಿ ನೆಂಟರಿಲ್ಲದ ಮನೆ ಹುಡುಕಿದರೂ ಸಿಗದು. ಮಗಳ ಎರಡು ದಿನದ ಮನೆಗೆಲಸ ಹಾಗೇ ಉಳಿಯಿತು. ರಾತ್ರಿ ಹನ್ನೊಂದಕ್ಕೆ ಕಣ್ಣು ಮುಚ್ಚಿಹೋಗುತ್ತಿದ್ದ ಹುಡುಗಿಯನ್ನು ನೋಡಲಾಗದೆ ನಾನೇ ಮಹಡಿ ಹತ್ತಿ, ಎರಡು ವರ್ಷ ಬಿಚ್ಚದ ಕಟ್ಟಿನ ಹುರಿ ಕತ್ತರಿಸಿ, ಗೈಡಿನಿಂದ ಒಂದು ರಜೆಯ ಪತ್ರ ತೆಗೆದು ಅವಳ ಕೈಯಲ್ಲಿ ನಕಲು ಮಾಡಿಸಿದೆ. ನಾಡಿನ ಎಲ್ಲ ಮಕ್ಕಳೂ ತಲೆತಲಾಂತರದಿಂದ ಜ್ವರದಿಂದ ನರಳುತ್ತಿರುವ ಆ ಪತ್ರದಲ್ಲಿ "ಜ್ವರ" ಬೇಡವೆಂದು, ಘನವಾಗಿರಲಿ ಎಂದು "ಇನ್‌ಡಿಸ್ಪೋಸ್ಡ್" ಎಂದಿದ್ದದ್ದನ್ನು ಆರಿಸಿದ್ದೆ.

ಮೇಡಂ ಓದಿ, "ಇನ್‌ಡಿಸ್ಪೋಸ್ಡ್ ಎಂದರೇನು?" ಎಂದು ಕೇಳಿದರಂತೆ.

"ಅಪ್ಪನಿಗೆ ಗೊತ್ತು, ಮಿಸ್" ಎಂದಳಂತೆ ಮಗಳು.

ಅಪ್ಪನಿಗೂ ಗೊತ್ತಿರಲಿಲ್ಲ. ಮೈ ಹುಷಾರಿಲ್ಲ ಎಂದಷ್ಟೇ ಅದರ ಅರ್ಥವಂತೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ತಾನೇ ಇನ್ನೊಂದು ಪತ್ರ ಬರೆದಳು. ಅದನ್ನು ಮನೆಗೆ ತಂದಾಗ ಓದಿಸಿ ಅರ್ಥ ಕೇಳಿದೆ: ಮನೆಗೆ ಹತ್ತೊಂಬತ್ತು ನೆಂಟರು ಬಂದಿದ್ದರು, ನನ್ನ ನೋಟ್‌ಬುಕ್ಕಿನ ಮೇಲೆ ದೊಡ್ಡಪ್ಪ ಮಲಗಿದ್ದರು, ಅವರು ಹಿರಿಯರು, ಎಬ್ಬಿಸಲಾಗಲಿಲ್ಲ. ಐದು ಪೆನ್ಸಿಲ್ ಗೆರೆ ಬಿದ್ದಿದ್ದವು. ಕಾರಣ ಒಪ್ಪಲಾಗಿದೆ ಎಂದು ಕೆಳಗೆ ಸಹಿಯಿತ್ತು. ಗೈಡಿನ ವಿಷಯ ಮೇಡಂ ನನ್ನ ಹತ್ತಿರ ಒಮ್ಮೆಯೂ ಎತ್ತಲಿಲ್ಲ.

ಮೊನ್ನೆ ಅವರು ನಮ್ಮ ಅಂಗಡಿಗೆ ಬಂದಿದ್ದರು. ಹಳೆಯ ಜೆರಾಕ್ಸ್ ಅಂಗಡಿಯಲ್ಲಿ ಗೀರು ಬರುತ್ತದೆಂದು ಯಾರೋ ಹೇಳಿದರಂತೆ. ಹೇಳಿದವನು ನಾನೇ, ಎರಡು ವರ್ಷದಿಂದ. ಹೊಸ ವರ್ಷದ ನಿಯಮಪಟ್ಟಿ, ಅದೇ ದುಂಡಗಿನ ಅಕ್ಷರ. ಗಾಜಿನ ಮೇಲೆ ಮಗುಚಿ ಹಾಕುವ ಮೊದಲು ಕಣ್ಣಾಡಿಸಿದೆ. ಕೊನೆಯಲ್ಲಿ ಹದಿನೈದನೆಯದೊಂದು ಸೇರಿತ್ತು: "ಕಾರಣದ ಪತ್ರವನ್ನು ಪೋಷಕರು ಬರೆದುಕೊಡಬಾರದು." ನಾನು ಅವರ ಮುಖ ನೋಡಿದೆ, ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ಪ್ರತಿಗೆ ಎರಡು ರೂಪಾಯಿಯಂತೆ ಮೂವತ್ತು ಪ್ರತಿ ತೆಗೆದುಕೊಟ್ಟೆ.